ಲ್ಯಾಡರ್ ಪಟ್ಟಿ ಮತ್ತು ಬೆಂಚು: ಒಂದು ಸಮುದಾಯ ಟೆನಿಸ್ ಗುಂಪಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಮೂರು ದಶಕಗಳಿಗೂ ಹೆಚ್ಚು ಕಾಲ ಟೆನಿಸ್ ತರಬೇತುದಾರನಾಗಿದ್ದು ನಿವೃತ್ತನಾದ ಮೇಲೆ, ಸಾರ್ವಜನಿಕ ಕೋರ್ಟುಗಳಲ್ಲಿ ಬೆಳಗಿನ ಹೊತ್ತು ಆಡುವ ಒಂದು ಗುಂಪಿಗೆ ನಾನು ಸಾಮಾನ್ಯ ಸದಸ್ಯನಾಗಿ ಸೇರಿಕೊಂಡೆ. ಆ ಗುಂಪಿನಲ್ಲಿ ಎರಡು ವರ್ಷಗಳ ಹಿಂದೆ ಕಾಣಿಸಿಕೊಂಡ ಒಡಕನ್ನು, ಅದಕ್ಕೆ ದಾರಿಮಾಡಿದ ನನ್ನ ನಿರ್ಧಾರವನ್ನು, ಮತ್ತು ಅದನ್ನು ಸರಿಪಡಿಸಲು ನಾವು ಮಾಡಿದ ಪ್ರಯತ್ನಗಳಲ್ಲಿ ಫಲಿಸಿದ್ದು ಯಾವುದು, ಫಲಿಸದೆ ಹೋದದ್ದು ಯಾವುದು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಪ್ರಕರಣದ ನಡುವಿನಲ್ಲಿರುವ ಇಬ್ಬರನ್ನು, ಗುಂಪಿನವರು ಕರೆಯುತ್ತಿದ್ದಂತೆಯೇ, ‘ಮೇಷ್ಟ್ರು’ ಮತ್ತು ‘ಎಡಗೈಯವರು’ ಎಂದು ಕರೆಯುತ್ತೇನೆ.

ಗುಂಪಿನಲ್ಲಿ ಆಗ ಇಪ್ಪತ್ತೆರಡು ಜನರಿದ್ದೆವು. ಎಲ್ಲರಿಗಿಂತ ಚಿಕ್ಕವನು ಹದಿನೈದರ ಹುಡುಗ. ಎಲ್ಲರಿಗಿಂತ ಹಿರಿಯರು ಎಪ್ಪತ್ತೊಂದರ ಮೇಷ್ಟ್ರು. ಗಟ್ಟಿ ನೆಲದ ಎರಡು ಕೋರ್ಟು, ಅವುಗಳ ನಡುವೆ ಒಂದು ಉದ್ದನೆಯ ಬೆಂಚು, ಬೆಂಚಿನ ಹಿಂದೆ ತಂತಿಬೇಲಿ. ಬಂದವರು ಬಂದ ಕ್ರಮದಲ್ಲಿ ತಮ್ಮ ರ‍್ಯಾಕೆಟ್ಟನ್ನು ಬೇಲಿಗೆ ಸಾಲಾಗಿ ಒರಗಿಸಬೇಕು. ಕೋರ್ಟು ಖಾಲಿಯಾದಾಗ ಸಾಲಿನ ಮೊದಲ ನಾಲ್ಕು ರ‍್ಯಾಕೆಟ್ಟುಗಳವರು ಡಬಲ್ಸ್ ಆಡಲು ಇಳಿಯಬೇಕು. ಆರು ಗೇಮುಗಳ ಪೂರ್ಣ ಸೆಟ್ಟಿನ ಬದಲು ನಾಲ್ಕು ಗೇಮುಗಳ ಚಿಕ್ಕ ಸೆಟ್ ಆಡಿ, ನಾಲ್ವರೂ ಹೊರಬಂದು ಮತ್ತೆ ಸಾಲಿನ ಕೊನೆಗೆ ಸೇರಬೇಕು. ಈ ಚಿಕ್ಕ ಸೆಟ್ ನಮ್ಮ ಕಲ್ಪನೆಯೇನಲ್ಲ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ನಿಯಮಪುಸ್ತಕವೇ ಅದನ್ನು ಪರ್ಯಾಯ ಪದ್ಧತಿಯಾಗಿ ಒಪ್ಪುತ್ತದೆ. ಎರಡು ಗೇಮುಗಳ ಅಂತರದಿಂದ ನಾಲ್ಕು ಗೇಮು ಗೆದ್ದವರಿಗೆ ಸೆಟ್, ನಾಲ್ಕು–ನಾಲ್ಕು ಆದರೆ ಟೈಬ್ರೇಕ್ ಎಂಬ ನಿರ್ಣಾಯಕ ಗೇಮು. ಈ ಏರ್ಪಾಡನ್ನು ಯಾರು ಯಾವಾಗ ತಂದರೆಂದು ಗುಂಪಿನಲ್ಲಿ ಯಾರೂ ನೆನಪಿಟ್ಟುಕೊಂಡಿರಲಿಲ್ಲ, ಪ್ರಶ್ನಿಸಿಯೂ ಇರಲಿಲ್ಲ.

ಮೇಷ್ಟ್ರು ಮತ್ತು ಎಡಗೈಯವರು ಹನ್ನೊಂದು ವರ್ಷಗಳಿಂದ ಜೊತೆಯಾಟಗಾರರು. ಮೇಷ್ಟ್ರಿಗಿಂತ ಎಡಗೈಯವರು ಇಪ್ಪತ್ತಮೂರು ವರ್ಷ ಕಿರಿಯರು. ಮೇಷ್ಟ್ರ ಪತ್ನಿ ತೀರಿಕೊಂಡ ವರ್ಷದಿಂದ ಎಡಗೈಯವರು ಪ್ರತಿದಿನ ಬೆಳಕು ಹರಿಯುವ ಮೊದಲೇ ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿ ಕರೆದುಕೊಂಡು ಬರುತ್ತಿದ್ದರು. ಒಟ್ಟಿಗೆ ಬರುತ್ತಿದ್ದುದರಿಂದ ಇಬ್ಬರ ರ‍್ಯಾಕೆಟ್ಟುಗಳೂ ಬೇಲಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತಿದ್ದವು, ಹಾಗಾಗಿ ಕೋರ್ಟಿನಲ್ಲೂ ಅವರು ಒಂದೇ ಬದಿಗೆ ನಿಲ್ಲುತ್ತಿದ್ದರು. ಬಲಗೈ ಆಟಗಾರರೊಬ್ಬರು ಬಲ ಅಂಕಣದಲ್ಲಿ, ಎಡಗೈ ಆಟಗಾರರೊಬ್ಬರು ಎಡ ಅಂಕಣದಲ್ಲಿ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ಹೊರಬದಿಗೆ ಬರುತ್ತದೆ, 10.97 ಮೀಟರ್ ಅಗಲದ ಡಬಲ್ಸ್ ಕೋರ್ಟನ್ನು ಕಾಯಲು ಅದಕ್ಕಿಂತ ಅನುಕೂಲವಾದ ಜೋಡಿ ಸಿಗುವುದು ಕಷ್ಟ. ಮೇಷ್ಟ್ರ ಮಂಡಿ ಆಗಲೇ ಸವೆದಿತ್ತು. ನಡುವೆ ಬಿದ್ದ ಚೆಂಡುಗಳಿಗೆಲ್ಲ ಎಡಗೈಯವರು ‘ನಂದು’ ಎಂದು ಕೂಗಿ ಓಡುತ್ತಿದ್ದರು. ನೆಟ್ಟಿನ ಹತ್ತಿರ ಬಂದದ್ದನ್ನು ಮೇಷ್ಟ್ರು, ಹೆಜ್ಜೆ ಕದಲಿಸದೆ, ಮಣಿಕಟ್ಟಿನಿಂದಲೇ ಆಚೆ ಮೂಲೆಗೆ ಇಳಿಸುತ್ತಿದ್ದರು. ಎದುರಾಳಿಯಾಗಿ ಆ ಜೋಡಿಯನ್ನು ಹಲವು ಸಲ ಕಂಡಿದ್ದೇನೆ. ನೋಡಲು ಚೆಂದವಾಗಿದ್ದ ಆಟ ಅದು.

ನಾನು ತಂದ ಪಟ್ಟಿ

ಗುಂಪಿಗೆ ಸೇರಿದ ಕೆಲವೇ ತಿಂಗಳಲ್ಲಿ ನನ್ನ ಕಣ್ಣಿಗೆ ಈ ಸಾಲಿನ ಪದ್ಧತಿ ವ್ಯರ್ಥವೆಂದು ತೋರತೊಡಗಿತು. ಚೆನ್ನಾಗಿ ಆಡುವ ಮೂವರ ನಡುವೆ ಆಗಷ್ಟೇ ಕಲಿಯುತ್ತಿರುವವರೊಬ್ಬರು ಸಿಕ್ಕಿಕೊಂಡರೆ ನಾಲ್ವರ ಆಟವೂ ಕೆಡುತ್ತದೆ, ಸಮಬಲರೊಡನೆ ಆಡಿದರೆ ಮಾತ್ರ ಕೌಶಲ ಬೆಳೆಯುತ್ತದೆ ಎಂಬುದು ತರಬೇತುದಾರನಾಗಿ ನಾನು ನಂಬಿ ಬೋಧಿಸಿದ ಮಾತಾಗಿತ್ತು. ಹಾಗಾಗಿ ಅನೇಕ ಟೆನಿಸ್ ಕ್ಲಬ್ಬುಗಳಲ್ಲಿ ಬಳಕೆಯಲ್ಲಿರುವ ಲ್ಯಾಡರ್ ಪಟ್ಟಿಯನ್ನು ನಮ್ಮಲ್ಲಿಯೂ ಜಾರಿಗೆ ತರೋಣವೆಂದು ಸೂಚಿಸಿದೆ. ಎಲ್ಲರ ಹೆಸರನ್ನೂ ಬಲದ ಕ್ರಮದಲ್ಲಿ ಒಂದು ಹಲಗೆಯ ಮೇಲೆ ಬರೆಯುವುದು, ತನಗಿಂತ ಒಂದು ಅಥವಾ ಎರಡು ಸ್ಥಾನ ಮೇಲಿರುವವರಿಗೆ ಯಾರು ಬೇಕಾದರೂ ಸಿಂಗಲ್ಸ್ ಪಂದ್ಯದ ಸವಾಲು ಹಾಕುವುದು, ಗೆದ್ದರೆ ಸ್ಥಾನ ಅದಲುಬದಲಾಗುವುದು ಅದರ ವಿಧಾನ. ಮೊದಲ ಎಂಟು ಸ್ಥಾನದವರಿಗೆ ಒಂದನೇ ಕೋರ್ಟು, ಉಳಿದವರಿಗೆ ಎರಡನೆಯದು ಎಂದು ಗೊತ್ತುಮಾಡಿದೆ. ಪಟ್ಟಿ ನಿಂತ ನೀರಾಗಬಾರದೆಂದು ಇನ್ನೊಂದು ನಿಯಮವನ್ನೂ ಸೇರಿಸಿದೆ: ಎರಡು ವಾರಗಳೊಳಗೆ ಒಂದಾದರೂ ಸವಾಲು ಹಾಕದವರು ಒಂದು ಸ್ಥಾನ ಕೆಳಗಿಳಿಯಬೇಕು.

ಮೊದಲ ಪಟ್ಟಿಯನ್ನು ನಾನೇ ಬರೆದೆ. ಬಲವನ್ನಷ್ಟೇ ನೋಡಿದ್ದರೆ ಮೇಷ್ಟ್ರು ಹದಿನೈದರ ಆಸುಪಾಸಿನಲ್ಲಿರಬೇಕಿತ್ತು. ಅವರ ಹಿರಿತನಕ್ಕೆ ಗೌರವವಾಗಲೆಂದು ಆರನೆಯ ಸ್ಥಾನದಲ್ಲಿಟ್ಟೆ. ಭುಜದ ನೋವಿನಿಂದ ಆ ತಿಂಗಳು ವಿಶ್ರಾಂತಿಯಲ್ಲಿದ್ದ ಎಡಗೈಯವರನ್ನು, ಗೈರುಹಾಜರಾದವರೆಂಬ ಕಾರಣಕ್ಕೆ, ಪಟ್ಟಿಯ ಬುಡದಲ್ಲಿ ಬರೆದೆ. ಈ ಎರಡು ತೀರ್ಮಾನಗಳನ್ನು ತೆಗೆದುಕೊಳ್ಳಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮೊದಲ ಎರಡು ವಾರ ಎಲ್ಲೆಲ್ಲೂ ಹುರುಪು. ಜನ ಬೇಗ ಬರುತ್ತಿದ್ದರು. ಬುಟ್ಟಿಯ ತುಂಬ ಚೆಂಡು ಹಿಡಿದು ಸರ್ವ್ ಅಭ್ಯಾಸ ಮಾಡುತ್ತಿದ್ದರು. ಹದಿನೈದರ ಹುಡುಗ ಹತ್ತು ದಿನದಲ್ಲಿ ಆರು ಸ್ಥಾನ ಮೇಲೇರಿದ. ನನ್ನ ವೃತ್ತಿಯ ಕಣ್ಣಿಗೆ ಇದು ಯಶಸ್ಸಾಗಿಯೇ ಕಂಡಿತು. ಮೂರನೆಯ ವಾರದಲ್ಲಿ ಬೆಂಚು ಖಾಲಿಯಾಗತೊಡಗಿದ್ದನ್ನು ನಾನು ಕಂಡರೂ ಅದರ ಅರ್ಥ ತಿಳಿಯಲಿಲ್ಲ. ಸವಾಲಿನ ಪಂದ್ಯಕ್ಕೆ ಮೊದಲೇ ಹೊತ್ತು ಗೊತ್ತಾಗಿರುತ್ತಿದ್ದುದರಿಂದ ಜನ ತಮ್ಮ ಹೊತ್ತಿಗೆ ಬಂದು, ಆಡಿ, ಹೊರಟುಬಿಡುತ್ತಿದ್ದರು. ಕಾಯುವ ಕೆಲಸವೇ ಉಳಿದಿರಲಿಲ್ಲ.

ಆ ಒಂದು ಸರ್ವ್

ಆರನೆಯ ವಾರದ ಹೊತ್ತಿಗೆ ಮೇಷ್ಟ್ರು ಎರಡು ಪಂದ್ಯ ಸೋತು ಎಂಟಕ್ಕಿಳಿದಿದ್ದರು, ಅಂದರೆ ಒಂದನೇ ಕೋರ್ಟಿನ ಕೊನೆಯ ಸ್ಥಾನದಲ್ಲಿದ್ದರು. ಭುಜ ವಾಸಿಯಾಗಿ ಮರಳಿದ ಎಡಗೈಯವರು ಬುಡದಿಂದ ಏರುತ್ತ ಒಂಬತ್ತಕ್ಕೆ ಬಂದು ನಿಂತರು. ಅವರು ಸವಾಲು ಹಾಕಲು ಹಿಂಜರಿದರು. ಹಾಕದಿದ್ದರೆ ನನ್ನ ನಿಯಮದ ಪ್ರಕಾರ ಸ್ಥಾನ ಕಳೆದುಕೊಳ್ಳುತ್ತಿದ್ದರು. ಏಳನೆಯ ಸ್ಥಾನದವರು ಊರಿನಲ್ಲಿರಲಿಲ್ಲ. ಹೀಗಾಗಿ ಮೇಷ್ಟ್ರಿಗೇ ಸವಾಲು ಹೋಯಿತು.

ಒಂದು ಪೂರ್ಣ ಸೆಟ್ಟಿನ ಪಂದ್ಯ. ಎಡಗೈಯವರು ಐದು–ನಾಲ್ಕರಿಂದ ಮುಂದಿದ್ದು ಸೆಟ್ಟಿಗಾಗಿ ಸರ್ವ್ ಮಾಡುತ್ತಿದ್ದರು, ಗೇಮಿನಲ್ಲಿ 40–30, ಅಂದರೆ ಇನ್ನೊಂದು ಪಾಯಿಂಟ್ ಬಂದರೆ ಸೆಟ್ ಅವರದು. ಎಡ ಅಂಕಣಕ್ಕೆ ಅವರು ಮಾಡುವ ಸರ್ವ್ ಸ್ಲೈಸಿನಿಂದಾಗಿ ಬಾಗಿ, ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡಿನಿಂದ ದೂರ ದೂರ ಸರಿಯುತ್ತ ಕೋರ್ಟಿನಾಚೆಗೆ ಹೋಗುತ್ತಿತ್ತು. ಹನ್ನೊಂದು ವರ್ಷ ನೆಟ್ಟಿನ ಬಳಿ ನಿಂತು ಆ ಸರ್ವಿನ ಫಲವನ್ನು ಉಂಡಿದ್ದ ಮೇಷ್ಟ್ರು, ಪಂದ್ಯವೊಂದರಲ್ಲಿ ಅದನ್ನು ಎದುರಿಸಿದ್ದು ಅದೇ ಮೊದಲು. ಚೆಂಡು ಪಕ್ಕದ ಗೆರೆಯ ಹತ್ತಿರ ಬಿದ್ದು ಆಚೆ ಹಾರಿತು. ನೋಯುವ ಮಂಡಿಯ ಮೇಲೆ ಭಾರ ಹಾಕಿ ಕೈಚಾಚಿದ ಮೇಷ್ಟ್ರಿಗೆ ಅದು ಸಿಗಲಿಲ್ಲ. ಅವರು ‘ಔಟ್’ ಎಂದರು. ಎಡಗೈಯವರು ಒಂದು ಕ್ಷಣ ನಿಂತು, “ಮೇಷ್ಟ್ರೇ, ಸರಿಯಾಗಿ ನೋಡಿದಿರಾ?” ಎಂದು ಕೇಳಿದರು. “ನೋಡಿದ್ದಕ್ಕೇ ಹೇಳಿದೆ” ಎಂಬ ಉತ್ತರ ಬಂತು. ಎರಡನೇ ಸರ್ವ್ ನೆಟ್ಟಿಗೆ ಬಡಿಯಿತು. ಗೇಮು ಕೈತಪ್ಪಿತು; ಆಮೇಲೆ ಒಂದು ಮಾತೂ ಇಲ್ಲದೆ ನಡೆದ ಆಟದಲ್ಲಿ ಎಡಗೈಯವರು 5–7ರಿಂದ ಸೋತರು. ಮೇಷ್ಟ್ರು ಎಂಟನೆಯ ಸ್ಥಾನ ಉಳಿಸಿಕೊಂಡರು, ಎಡಗೈಯವರಿಗಾಗಿ ಕಾಯದೆ ನಡೆದುಕೊಂಡೇ ಮನೆಗೆ ಹೋದರು.

ಚೆಂಡು ಗೆರೆಗೆ ತಾಗಿತ್ತೇ ಎಂದು ಹಲವರು ನನ್ನನ್ನು ಕೇಳಿದರು. ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ಕೋರ್ಟಿಗೆ ಬೆನ್ನು ಮಾಡಿ, ಹಲಗೆಯ ಮೇಲೆ ಮುಂದಿನ ವಾರದ ಪಟ್ಟಿ ಬರೆಯುತ್ತಿದ್ದೆ.

ಮರುದಿನ ಮೇಷ್ಟ್ರು ಬರಲಿಲ್ಲ, ಆಮೇಲೂ ಬರಲಿಲ್ಲ. ನಾಲ್ಕು ದಿನ ಬಂದ ಎಡಗೈಯವರೂ ನಂತರ ನಿಂತರು. ಅದೇ ತಿಂಗಳಲ್ಲಿ, ಯಾವ ಜಗಳವನ್ನೂ ಆಡದೆ, ಜೊತೆಯಾಗಿ ಬರುತ್ತಿದ್ದ ಮೂವರು ಮಹಿಳೆಯರು ಬರುವುದನ್ನು ಬಿಟ್ಟರು. ಇನ್ನೂ ನಾಲ್ವರು ಹಾಗೆಯೇ ನಿಂತು, ಇಪ್ಪತ್ತೆರಡು ಜನರಲ್ಲಿ ಹದಿಮೂರು ಜನ ಉಳಿದೆವು.

ಪರಿಶೀಲನೆ

ಮುಂದಿನ ಮೂರು ವಾರ ನಾನು ಬಿಟ್ಟುಹೋದವರನ್ನೂ ಉಳಿದವರನ್ನೂ ಒಬ್ಬೊಬ್ಬರಾಗಿ ಕಂಡು ಮಾತನಾಡಿಸಿದೆ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡೆ. ಆಟದ ಮಟ್ಟದ ಬಗ್ಗೆ ಹೆಚ್ಚು ದೂರುಗಳಿರುತ್ತವೆ ಎಂದುಕೊಂಡಿದ್ದೆ. ಅಂಥ ದೂರು ಒಂದೂ ಇರಲಿಲ್ಲ. ಮೂವರು ಮಹಿಳೆಯರಲ್ಲಿ ಒಬ್ಬರು, “ನೀವು ಬರೆದ ಮೇಲೆ ನಾನು ಹದಿನೇಳನೆಯವಳಾದೆ. ಅದಕ್ಕೂ ಮುಂಚೆ ನನಗೆ ನಂಬರ್ ಇರಲಿಲ್ಲ” ಎಂದರು. ಇನ್ನೊಬ್ಬರು, ಮೊದಲೆಲ್ಲ ಒಂದು ಬೆಳಗ್ಗೆ ಹತ್ತು ಜನರ ಜೊತೆ ಮಾತಾಗುತ್ತಿತ್ತು, ಈಗ ಒಬ್ಬರ ಜೊತೆ ಆಡಿ ಮನೆಗೆ ಹೋಗುವುದಾಯಿತು ಎಂದರು. ಹುಡುಗ ಮಾತ್ರ ಪಟ್ಟಿ ತನಗೆ ಇಷ್ಟವಾಗಿತ್ತೆಂದು ಹೇಳಿದ. ಅವನ ಮಾತನ್ನೂ ಬರೆದುಕೊಂಡೆ.

ಈ ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು, ಬೇಲಿಗೆ ಒರಗಿಸಿದ ರ‍್ಯಾಕೆಟ್ಟುಗಳ ಸಾಲು ಏನು ಕೆಲಸ ಮಾಡುತ್ತಿತ್ತು ಎಂಬುದು. ಯಾರು ಚೆನ್ನಾಗಿ ಆಡುತ್ತಾರೆಂಬುದು ಆ ಸಾಲಿಗೆ ಗೊತ್ತಿರಲಿಲ್ಲ. ಆದ್ದರಿಂದಲೇ ಅದು ಪ್ರತಿ ಬೆಳಗ್ಗೆ ಬೇರೆ ಬೇರೆ ನಾಲ್ವರನ್ನು ಒಂದು ಕೋರ್ಟಿಗೆ ತರುತ್ತಿತ್ತು. ಒಂದು ಸೆಟ್ ಆಡಿದವರನ್ನು ಮುಂದಿನ ಸರದಿಯವರೆಗೆ ಬೆಂಚಿನ ಮೇಲೆ ಕೂರಿಸುತ್ತಿತ್ತು. ಯಾರೊಬ್ಬರೂ ಯಾರನ್ನೂ ಆರಿಸಿಕೊಳ್ಳಬೇಕಾಗಿರಲಿಲ್ಲ, ಯಾರನ್ನೂ ತಿರಸ್ಕರಿಸಬೇಕಾಗಿಯೂ ಇರಲಿಲ್ಲ. ಮಗಳ ಮದುವೆ, ಕೆಲಸ ಹೋದ ಚಿಂತೆ, ಆಸ್ಪತ್ರೆಯ ಓಡಾಟ, ಎಲ್ಲವನ್ನೂ ನಾವು ಪರಸ್ಪರ ತಿಳಿದುಕೊಂಡದ್ದು ಆ ಬೆಂಚಿನ ಮೇಲೆ. ಪಟ್ಟಿ ಬಂದ ಮೇಲೆ ಕಾಯುವಿಕೆ ಹೋಯಿತು. ಅದನ್ನು ನಾನು ದಕ್ಷತೆ ಎಂದು ಎಣಿಸಿದ್ದೆ.

ಆಟದ ಒಳಗೂ ಇಂಥದೇ ಬಿಡುವುಗಳಿವೆ. ನಿಯಮದ ಪ್ರಕಾರ ಒಂದು ಪಾಯಿಂಟ್ ಮುಗಿದು ಮುಂದಿನದು ಶುರುವಾಗಲು 25 ಸೆಕೆಂಡು, ಬದಿ ಬದಲಿಸುವಾಗ 90 ಸೆಕೆಂಡು ಅವಕಾಶವಿದೆ. ಹವ್ಯಾಸಿಗಳ ಡಬಲ್ಸಿನಲ್ಲಿ ಒಂದು ರ‍್ಯಾಲಿ ಹಲವು ವೇಳೆ ಐದಾರು ಸೆಕೆಂಡಿಗೇ ಮುಗಿಯುತ್ತದೆ. ಅಂದರೆ ಕೋರ್ಟಿನಲ್ಲಿ ಕಳೆಯುವ ಹೊತ್ತಿನ ಬಹುಪಾಲು ಚೆಂಡು ನಿಂತಿರುವ ಹೊತ್ತು. ಜೊತೆಗಾರರು ಹತ್ತಿರ ಬಂದು ‘ಮುಂದಿನದನ್ನು ನಡುವಿಗೆ ಹಾಕುತ್ತೇನೆ, ನೀವು ಸರಿಯಿರಿ’ ಎಂದು ಹೇಳಿಕೊಳ್ಳುವ, ತಪ್ಪಿದ ಹೊಡೆತಕ್ಕೆ ‘ಹೋಗಲಿ ಬಿಡಿ’ ಎನ್ನುವ ಹೊತ್ತು. ಸಿಂಗಲ್ಸಿನಲ್ಲಿ ಅದೇ 25 ಸೆಕೆಂಡನ್ನು ಒಬ್ಬರೇ ಕಳೆಯಬೇಕು. ಡಬಲ್ಸ್ ಗುಂಪೊಂದಕ್ಕೆ ಸಿಂಗಲ್ಸ್ ಪಟ್ಟಿಯನ್ನು ಹೇರಿದಾಗ ನಾನು ಮೊದಲು ಕಿತ್ತುಕೊಂಡದ್ದು ಈ ಮಾತುಗಳನ್ನು.

ಜೊತೆಯಾಟ ಎಷ್ಟು ದೂರ ಬರಬಲ್ಲದೆಂಬುದಕ್ಕೆ ಟೆನಿಸ್ ಇತಿಹಾಸದಲ್ಲಿ ನಾನು ಅತ್ಯಂತ ಗೌರವಿಸುವ ಉದಾಹರಣೆ ಆಲ್ತಿಯಾ ಗಿಬ್ಸನ್ ಮತ್ತು ಆಂಜೆಲಾ ಬಕ್ಸ್‌ಟನ್ ಅವರದು. ಒಬ್ಬರು ಕಪ್ಪು ವರ್ಣೀಯ ಅಮೆರಿಕನ್ನರು, ಇನ್ನೊಬ್ಬರು ಯಹೂದಿ ಸಮುದಾಯದ ಬ್ರಿಟಿಷರು. ತಮ್ಮ ತಮ್ಮ ನಾಡಿನ ಟೆನಿಸ್ ವಲಯದಲ್ಲಿ ಇಬ್ಬರೂ ಹೊರಗಿನವರಂತೆ ನಡೆಸಿಕೊಳ್ಳಲ್ಪಟ್ಟವರು. 1956ರಲ್ಲಿ ಅವರು ಜೊತೆಯಾಗಿ ಫ್ರೆಂಚ್ ಚಾಂಪಿಯನ್‌ಷಿಪ್ ಮತ್ತು ವಿಂಬಲ್ಡನ್ ಡಬಲ್ಸ್ ಗೆದ್ದರು. ಸುಮಾರು ನಾಲ್ಕು ದಶಕಗಳ ಬಳಿಕ ಗಿಬ್ಸನ್ ಬಡತನ ಮತ್ತು ಕಾಯಿಲೆಯಿಂದ ಕುಗ್ಗಿಹೋಗಿದ್ದಾಗ ಅವರು ಫೋನ್ ಮಾಡಿದ್ದು ಬಕ್ಸ್‌ಟನ್ ಅವರಿಗೆ. ಬಕ್ಸ್‌ಟನ್ ತಾವೂ ನೆರವಾಗಿ, ಟೆನಿಸ್ ಪ್ರೇಮಿಗಳಿಂದಲೂ ನೆರವು ಹರಿದುಬರುವಂತೆ ಮಾಡಿದರು. ನಮ್ಮ ಮೇಷ್ಟ್ರ ಮನೆಯ ಮುಂದೆ ನಸುಕಿನಲ್ಲಿ ನಿಲ್ಲುತ್ತಿದ್ದ ಗಾಡಿ ನನಗೆ ಅದೇ ಜಾತಿಯದೆಂದು ತೋರುತ್ತದೆ.

ಆದರೆ ಶ್ರೇಯಾಂಕವೇ ಸ್ನೇಹವನ್ನು ಕೆಡಿಸುತ್ತದೆ ಎಂದು ಹೇಳಿಬಿಟ್ಟರೆ ತಪ್ಪಾಗುತ್ತದೆ. ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ 1973ರಿಂದ 1988ರವರೆಗೆ 80 ಪಂದ್ಯಗಳಲ್ಲಿ ಎದುರಾದರು, ಅವುಗಳಲ್ಲಿ 60 ಫೈನಲ್‌ಗಳು. ಒಟ್ಟು ಲೆಕ್ಕ ನವ್ರಾಟಿಲೋವಾ ಪರವಾಗಿ 43–37. ಒಂದನೇ ಸ್ಥಾನಕ್ಕಾಗಿಯೇ ಹೋರಾಡಿದ ಅವರ ಸ್ನೇಹ ಉಳಿಯಿತು, ಇಬ್ಬರಿಗೂ ಕ್ಯಾನ್ಸರ್ ಬಂದ ವರ್ಷಗಳಲ್ಲಿ ಇನ್ನಷ್ಟು ಗಟ್ಟಿಯಾಯಿತು. ಹಾಗಾದರೆ ಎಂಟನೆಯ ಸ್ಥಾನಕ್ಕಾಗಿ ನಡೆದ ಒಂದೇ ಒಂದು ಸೆಟ್ ಹನ್ನೊಂದು ವರ್ಷದ ಸ್ನೇಹವನ್ನು ಮುರಿದದ್ದು ಹೇಗೆ? ಈ ಪ್ರಶ್ನೆಯ ಮೇಲೆ ನಾನು ಬಹಳ ದಿನ ಕಳೆದೆ.

ನನಗೆ ಸಿಕ್ಕ ಉತ್ತರ ಅಂಪೈರರ ಕುರ್ಚಿಗೆ ಸಂಬಂಧಿಸಿದ್ದು. ವೃತ್ತಿಪರ ಪಂದ್ಯದಲ್ಲಿ ಚೆಂಡು ಒಳಗೋ ಹೊರಗೋ ಎಂದು ಹೇಳುವ ಹೊಣೆ ಮೂರನೆಯವರದು. ನಿರ್ಧಾರ ತಪ್ಪೆನಿಸಿದರೆ ಸಿಟ್ಟು ಕುರ್ಚಿಯ ಕಡೆಗೆ ಹೋಗುತ್ತದೆ, ಎದುರಾಳಿಯ ಕಡೆಗಲ್ಲ. ಅಂಪೈರ್ ಇಲ್ಲದ ಆಟದಲ್ಲಿ ತನ್ನ ಬದಿಯ ಗೆರೆಗಳ ತೀರ್ಪನ್ನು ಆಯಾ ಆಟಗಾರರೇ ಕೊಡಬೇಕು, ಗೆರೆಯನ್ನು ಕೂದಲೆಳೆಯಷ್ಟು ತಾಗಿದರೂ ಚೆಂಡು ಒಳಗೆ, ಅನುಮಾನವಿದ್ದರೆ ಅದರ ಲಾಭ ಎದುರಾಳಿಗೆ. ಅಂದರೆ ನಮ್ಮಂಥ ಕೋರ್ಟುಗಳಲ್ಲಿ ಪ್ರತಿಯೊಬ್ಬರೂ ತಮ್ಮ ಸ್ನೇಹಿತರ ಹೊಡೆತಕ್ಕೆ ನ್ಯಾಯಾಧೀಶರು, ಅದೂ ತಮಗೇ ಲಾಭ-ನಷ್ಟವಿರುವ ಮೊಕದ್ದಮೆಯಲ್ಲಿ. ಚಿಕ್ಕ ಸೆಟ್ ಮುಗಿದ ಹತ್ತು ನಿಮಿಷಕ್ಕೆ ಅಂಕ ಮರೆತುಹೋಗುವ ಕಡೆ ಈ ಭಾರ ಯಾರಿಗೂ ತಟ್ಟುವುದಿಲ್ಲ. ನಾನು ಹಲಗೆಯ ಮೇಲೆ ಹೆಸರು ಬರೆದು ಅಂಕವನ್ನು ಮರೆಯಲಾಗದಂತೆ ಮಾಡಿದೆ, ಆದರೆ ತೀರ್ಪು ಹೇಳುವ ಮೂರನೆಯವರನ್ನು ಒದಗಿಸಲಿಲ್ಲ. ಆ ಭಾರವೆಲ್ಲ ಸ್ನೇಹದ ಮೇಲೆಯೇ ಬಿತ್ತು.

ಇಲ್ಲಿ ಕಣ್ಣಿನ ಮಿತಿಯನ್ನೂ ಹೇಳಬೇಕು. ಗೆರೆಯುದ್ದಕ್ಕೂ ನೋಟ ಹಾಯಿಸಿ ನಿಂತವರಿಗೆ ಚೆಂಡು ಬಿದ್ದ ಜಾಗ ಚೆನ್ನಾಗಿ ಕಾಣುತ್ತದೆ. ಗೆರೆಗೆ ಅಡ್ಡಲಾಗಿ ನೋಡುವವರಿಗೆ ಕಾಣುವುದಿಲ್ಲ. ಲೈನ್ ಅಂಪೈರರನ್ನು ಗೆರೆಯ ನೇರಕ್ಕೆ ನಿಲ್ಲಿಸುತ್ತಿದ್ದುದು ಅದಕ್ಕಾಗಿಯೇ. ಚೆಂಡು ನೆಲಕ್ಕೆ ತಾಗಿರುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು. 2006ರಲ್ಲಿ ಅಮೆರಿಕನ್ ಓಪನ್‌ನಲ್ಲಿ ಚೆಂಡು ಬಿದ್ದ ಜಾಗವನ್ನು ಕ್ಯಾಮೆರಾಗಳಿಂದ ಲೆಕ್ಕಹಾಕುವ ಹಾಕ್-ಐ ವ್ಯವಸ್ಥೆಯ ಮೂಲಕ ತೀರ್ಪನ್ನು ಪ್ರಶ್ನಿಸುವ ಅವಕಾಶ ಬಂದ ನಂತರದ ವರ್ಷಗಳಲ್ಲಿ, ಜಗತ್ತಿನ ಅತ್ಯುತ್ತಮ ಆಟಗಾರರು ಎತ್ತಿದ ತಕರಾರುಗಳಲ್ಲಿ ಹೆಚ್ಚಿನವು ತಪ್ಪೆಂದೇ ತೀರ್ಮಾನವಾದವು. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಯೇ ಕಂಡಿತ್ತು. ಓಡುತ್ತ, ನೋವಿನಲ್ಲಿ, ಅಡ್ಡ ಕೋನದಿಂದ ನೋಡಿದ ಮೇಷ್ಟ್ರಿಗೆ ಚೆಂಡು ಹೊರಗೆ ಬಿದ್ದಂತೆ ಕಂಡಿರಬಹುದು. ಇಪ್ಪತ್ತು ಮೀಟರ್ ಆಚೆಯಿಂದ, ಒಳಗೆ ಬೀಳಲೆಂದು ಬಯಸುತ್ತ ನೋಡಿದ ಎಡಗೈಯವರಿಗೆ ಒಳಗೆ ಬಿದ್ದಂತೆ ಕಂಡಿರಬಹುದು. ‘ಸರಿಯಾಗಿ ನೋಡಿದಿರಾ’ ಎಂಬ ಪ್ರಶ್ನೆಯನ್ನು ಮೇಷ್ಟ್ರು ‘ಸತ್ಯ ಹೇಳುತ್ತಿದ್ದೀರಾ’ ಎಂದು ಕೇಳಿಸಿಕೊಂಡರು. ನಲವತ್ತು ವರ್ಷ ತರಗತಿಯ ಮುಂದೆ ನಿಂತವರಿಗೆ ಆ ಪ್ರಶ್ನೆ ಎಷ್ಟು ನೋವು ಕೊಟ್ಟಿರಬಹುದೆಂದು ಎಡಗೈಯವರಿಗೆ ತಿಳಿಯಲಿಲ್ಲ.

ಕೈಗೊಂಡ ಕ್ರಮಗಳು

ಮೊದಲಿಗೆ ನಾನು ಇಬ್ಬರ ಮನೆಗೂ ಹೋಗಿ ಸಂಧಾನಕ್ಕೆ ಯತ್ನಿಸಿದೆ. ಅವರು ಹೀಗೆಂದರು ಎಂದು ಇವರಿಗೂ, ಇವರು ಹೀಗೆಂದರು ಎಂದು ಅವರಿಗೂ ಹೇಳಿದೆ. ಇದರಿಂದ ಸ್ಥಿತಿ ಇನ್ನೂ ಬಿಗಡಾಯಿಸಿತು. ನನ್ನ ಬಾಯಲ್ಲಿ ಹೋದ ಮಾತಿಗೆ ಅವರಿಬ್ಬರ ನಡುವಿನ ಹದ ಇರಲಿಲ್ಲ. ಎರಡನೆಯ ಭೇಟಿಯ ಬಳಿಕ ಮೇಷ್ಟ್ರು, “ಇದು ನಮ್ಮಿಬ್ಬರದು. ನೀವು ಬಿಡಿ” ಎಂದರು. ಬಿಟ್ಟೆ.

ನಂತರದ ಭಾನುವಾರ ಉಳಿದ ಹದಿಮೂರು ಜನರ ಮುಂದೆ, ಪಟ್ಟಿಯನ್ನು ತಂದದ್ದು ನನ್ನ ತಪ್ಪೆಂದು ಹೇಳಿ ಹಲಗೆಯನ್ನು ಒರೆಸಿದೆ. ಬೇಲಿಯ ಸಾಲು ಮರಳಿ ಬಂತು. ಒಂದು ಮಾರ್ಪಾಡನ್ನು ಮಾತ್ರ ಗುಂಪೇ ಸೂಚಿಸಿತು: ಅಕ್ಕಪಕ್ಕದಲ್ಲಿ ರ‍್ಯಾಕೆಟ್ ಇಟ್ಟವರು ಒಂದೇ ಬದಿಗೆ ನಿಲ್ಲದೆ, ಸಾಲಿನ ಒಂದು ಮತ್ತು ಮೂರನೆಯವರು ಒಂದು ಜೋಡಿ, ಎರಡು ಮತ್ತು ನಾಲ್ಕನೆಯವರು ಇನ್ನೊಂದು ಜೋಡಿ. ಇದು ನನ್ನ ಯೋಚನೆಗಿಂತ ಉತ್ತಮವಾಗಿತ್ತು. ಗಟ್ಟಿಯಾದ ಜೋಡಿಗಳಿಗೂ ಪರಸ್ಪರ ಎದುರಾಗಿ ಆಡುವ ಅಭ್ಯಾಸ, ಏನೂ ಪಣಕ್ಕಿಲ್ಲದ ಹೊತ್ತಿನಲ್ಲಿ, ಆಗತೊಡಗಿತು.

ಗೆರೆಯ ತೀರ್ಪಿನ ಬಗ್ಗೆ ಒಂದು ಬೆಳಗ್ಗೆ ಅಭ್ಯಾಸ ಏರ್ಪಡಿಸಿದೆ. ನಾನು ಗೆರೆಯ ಆಸುಪಾಸಿಗೆ ಚೆಂಡು ಹೊಡೆಯುತ್ತಿದ್ದೆ. ಒಬ್ಬರು ಓಡಿಬಂದು ಅದನ್ನು ಹೊಡೆಯುತ್ತಲೇ ತೀರ್ಪು ಕೂಗಬೇಕು. ಇಬ್ಬರು ಗೆರೆಯ ನೇರಕ್ಕೆ ನಿಂತು ತಾವು ಕಂಡದ್ದನ್ನು ಆಮೇಲೆ ಹೇಳಬೇಕು. ನಾನೂ ಓಡಿದೆ, ಹತ್ತರಲ್ಲಿ ಮೂರು ತಪ್ಪಿದೆ. ಇಷ್ಟು ವರ್ಷಗಳಲ್ಲಿ ನಾನು ಶಿಷ್ಯರಿಗೆ ಈ ಅಭ್ಯಾಸವನ್ನು ಒಮ್ಮೆಯೂ ಮಾಡಿಸಿರಲಿಲ್ಲ. ಸರ್ವ್, ವಾಲಿ, ಸ್ಪ್ಲಿಟ್ ಸ್ಟೆಪ್ ಎಲ್ಲವನ್ನೂ ಕಲಿಸಿದವನು, ಅಂಪೈರ್ ಇಲ್ಲದ ಕೋರ್ಟಿನಲ್ಲಿ ಪ್ರತಿ ಹೊಡೆತಕ್ಕೂ ಬೇಕಾಗುವ ಈ ಕೆಲಸವನ್ನು ಕಲಿಸಬೇಕಾದ ವಿಷಯವೆಂದೇ ಭಾವಿಸಿರಲಿಲ್ಲ.

ಎಲ್ಲ ಕ್ರಮಗಳೂ ಫಲಿಸಲಿಲ್ಲ. ಸಾಮಾನ್ಯ ಚೆಂಡಿಗಿಂತ ಸುಮಾರು 25 ಪ್ರತಿಶತ ನಿಧಾನವಾದ ಹಸಿರು ಚುಕ್ಕೆಯ ಚೆಂಡುಗಳನ್ನು ವಾರಕ್ಕೊಮ್ಮೆ ಬಳಸೋಣವೆಂದೆ. ಬಲದ ಅಂತರ ಕಡಿಮೆಯಾಗಿ ಎಲ್ಲರೂ ಕೂಡಿ ದೀರ್ಘ ರ‍್ಯಾಲಿ ಆಡಬಹುದೆಂಬುದು ನನ್ನ ಎಣಿಕೆ. ನಿಧಾನ ಚೆಂಡುಗಳೆಂದರೆ ಮಕ್ಕಳ ಚೆಂಡುಗಳೆಂಬ ಭಾವನೆ ಬಲವಾಗಿತ್ತು; 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಅಂಥ ಚೆಂಡುಗಳನ್ನು ಕಡ್ಡಾಯ ಮಾಡಿರುವುದು ಹಲವರಿಗೆ ಗೊತ್ತಿತ್ತು. ಮೂರು ವಾರದಲ್ಲಿ ಆ ಪ್ರಯೋಗ ನಿಂತಿತು. ಮಂಡಿ ಸವೆದವರಿಗೆ ಎರಡು ಪುಟಿತದ ಅವಕಾಶ ಕೊಡೋಣವೆಂಬ ಸಲಹೆಯೂ ಬಂತು. ಗಾಲಿಕುರ್ಚಿ ಟೆನಿಸ್ಸಿನಲ್ಲಿ ಈ ನಿಯಮವಿದೆ, 1976ರಲ್ಲಿ ಬ್ರಾಡ್ ಪಾರ್ಕ್ಸ್ ಅವರಿಂದ ಮೊದಲಾದ ಆ ಆಟ ಇಂದು ಗ್ರಾಂಡ್‌ಸ್ಲಾಮ್ ಕೋರ್ಟುಗಳಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಇಬ್ಬರು ಹಿರಿಯರು ಅದನ್ನು ಸಂತೋಷದಿಂದ ಒಪ್ಪಿದರು, ಮೂವರು ಒಪ್ಪಲಿಲ್ಲ. ಬೇಕಾದವರಿಗೆ ಇರಲಿ ಎಂದು ಬಿಟ್ಟೆವು.

ಈ ನಡುವೆ ಎಡಗೈಯವರು ಮರಳಿ ಬಂದರು. ಪಟ್ಟಿ ಹೋಯಿತೆಂದು ಯಾರೋ ಹೇಳಿದ್ದರಂತೆ. ಮತ್ತೆ ಸುಮಾರು ಎರಡು ವಾರ ಕಳೆದು ಮೇಷ್ಟ್ರು ಬಂದರು, ರ‍್ಯಾಕೆಟ್ ಇಲ್ಲದೆ. ಬೆಂಚಿನ ತುದಿಯಲ್ಲಿ ಕೂತು ಆಟ ನೋಡಿ ಹೋದರು. ಮರುದಿನವೂ ಹಾಗೆಯೇ ಬಂದರು. ಬೆಂಚು ಮತ್ತೆ ತುಂಬಿದ್ದರಿಂದ ಎಲ್ಲರೂ ಅವರನ್ನು ಮಾತನಾಡಿಸಿದರು. ಬೆಂಚು ಖಾಲಿಯಿದ್ದ ದಿನಗಳಲ್ಲಿ ಬಂದಿದ್ದರೆ ಅವರು ಎಲ್ಲಿ ಕೂರಬೇಕಿತ್ತೆಂದು ನನಗೆ ತೋಚುವುದಿಲ್ಲ. ಎಡಗೈಯವರಿಗೂ ಸರದಿ ಕಾಯಲು ಅದೇ ಬೆಂಚಿನಲ್ಲಿ ಕೂರದೆ ಬೇರೆ ದಾರಿ ಇರಲಿಲ್ಲ. ಮೊದಲ ದಿನಗಳಲ್ಲಿ ಇಬ್ಬರ ನಡುವೆ ಮೂರು ನಾಲ್ಕು ಜನ ಇರುತ್ತಿದ್ದರು. ಯಾರೂ ಬೇಕೆಂದು ಜಾಗ ಖಾಲಿ ಮಾಡಿಕೊಡಲಿಲ್ಲ. ಸರದಿ ಬಂದವರು ಎದ್ದು ಹೋಗುತ್ತಿದ್ದರು, ಅಷ್ಟೆ.

ಏಳೆಂಟು ದಿನಗಳ ಬಳಿಕ ಮೇಷ್ಟ್ರು ರ‍್ಯಾಕೆಟ್ ತಂದರು. ಅದರ ಹಿಡಿಯ ಪಟ್ಟಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಬೆರಳ ಗಂಟುಗಳ ನೋವಿನಿಂದಾಗಿ ಗ್ರಿಪ್ಪನ್ನು ಬಿಗಿಯಾಗಿ ಸುತ್ತಲು ಅವರಿಗೆ ಬಹಳ ವರ್ಷಗಳಿಂದ ಆಗುತ್ತಿರಲಿಲ್ಲ. ಆ ಕೆಲಸವನ್ನು ಯಾವಾಗಲೂ ಎಡಗೈಯವರೇ ಮಾಡುತ್ತಿದ್ದರು. ಎಡಗೈಯವರು ಕೈಚಾಚಿ ರ‍್ಯಾಕೆಟ್ ತೆಗೆದುಕೊಂಡು, ಹಳೆಯದನ್ನು ಬಿಚ್ಚಿ, ತಮ್ಮ ಚೀಲದಿಂದ ಹೊಸದನ್ನು ತೆಗೆದು ಬುಡದಿಂದ ಸುತ್ತತೊಡಗಿದರು. ಇದು ನಾನು ಕಣ್ಣಾರೆ ಕಂಡದ್ದು. ಆ ಹೊತ್ತಿನಲ್ಲಿ ಅವರು ಏನು ಮಾತನಾಡಿದರೆಂದು ನಾನು ಕೇಳಿಸಿಕೊಳ್ಳಲಿಲ್ಲ, ಕೇಳಲೂ ಇಲ್ಲ.

ಈಗಿನ ಸ್ಥಿತಿ

ಕೋಪನ್‌ಹೇಗನ್ ನಗರದ ಹೃದಯ ಅಧ್ಯಯನದ ಬಗ್ಗೆ ನಾನು ಓದಿದ್ದು ಈ ಘಟನೆಗಳ ನಂತರ. 8,577 ಜನರನ್ನು 25 ವರ್ಷಗಳವರೆಗೆ ಗಮನಿಸಿ 2018ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಷ್ಯ 9.7 ವರ್ಷ ಹೆಚ್ಚು, ಬ್ಯಾಡ್ಮಿಂಟನ್ ಆಡುವವರದು 6.2, ಓಡುವವರದು 3.2, ವ್ಯಾಯಾಮಶಾಲೆಗೆ ಹೋಗುವವರದು 1.5 ವರ್ಷ ಹೆಚ್ಚು. ಜೊತೆಗೂಡಿ ಆಡುವ ಆಟಗಳೇ ಮುಂದಿರುವುದನ್ನು ಸಂಶೋಧಕರು ವಿಶೇಷವಾಗಿ ಗುರುತಿಸಿದ್ದಾರೆ. ಇದು ಗಮನಿಸಿ ನೋಡಿದ ಅಧ್ಯಯನ. ಟೆನಿಸ್ಸೇ ಆಯುಷ್ಯ ಹೆಚ್ಚಿಸಿತೆಂದು ಇದರಿಂದ ಸಾಬೀತಾಗುವುದಿಲ್ಲ. ಆಡುವವರು ಮೊದಲೇ ಅನುಕೂಲಸ್ಥರೂ ಆರೋಗ್ಯವಂತರೂ ಆಗಿದ್ದಿರಬಹುದು. ಆದರೂ ಆ ಅಂಕಿಗಳನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೋರ್ಟಿಗಿಂತ ಮೊದಲು ಆ ಬೆಂಚು.

ಗುಂಪು ಈಗ ಹತ್ತೊಂಬತ್ತು ಜನರದು. ಮೂವರು ಮಹಿಳೆಯರಲ್ಲಿ ಇಬ್ಬರು ಮರಳಿದ್ದಾರೆ. ಹದಿನೇಳನೆಯ ಸಂಖ್ಯೆಯ ಬಗ್ಗೆ ಹೇಳಿದವರು ಬಂದಿಲ್ಲ. ಎರಡು ಸಲ ಹೋಗಿ ಕ್ಷಮೆ ಕೇಳಿದ್ದೇನೆ, ಅವರು ಸೌಜನ್ಯದಿಂದಲೇ ಬೇಡವೆಂದಿದ್ದಾರೆ. ಮೇಷ್ಟ್ರು ಮತ್ತು ಎಡಗೈಯವರು ಮತ್ತೆ ಒಂದೇ ಗಾಡಿಯಲ್ಲಿ ಬರುತ್ತಾರೆ. ಹೊಸ ಕ್ರಮದಿಂದಾಗಿ ಅವರು ಎದುರಾಳಿಗಳಾಗಿ ಆಡುವುದೇ ಹೆಚ್ಚು. ಎಡ ಅಂಕಣಕ್ಕೆ ಬರುವ ಆ ಸರ್ವನ್ನು ಎದುರಿಸಲು ಮೇಷ್ಟ್ರು ಈಗ ಎರಡು ಹೆಜ್ಜೆ ಹೊರಗೆ ಸರಿದು ನಿಲ್ಲುತ್ತಾರೆ, ಹತ್ತರಲ್ಲಿ ನಾಲ್ಕನ್ನಾದರೂ ಮರಳಿಸುತ್ತಾರೆ.

ಹುಡುಗನ ಮಾತು ಉಳಿದಿತ್ತು. ಅವನಿಗೆ ಸ್ಪರ್ಧೆ ಬೇಕು, ಅವನ ವಯಸ್ಸಿಗೆ ಅದು ಬೇಕಾದದ್ದೇ. ದೊಡ್ಡವರ ಸ್ನೇಹ ಉಳಿಸಲು ಅವನ ಆಸೆಯನ್ನು ಅದುಮುವುದು ನ್ಯಾಯವಲ್ಲ ಎಂದು ಗುಂಪು ಒಪ್ಪಿತು. ಭಾನುವಾರ ಸಂಜೆ, ಬೆಳಗಿನ ಆಟಕ್ಕೆ ಸಂಬಂಧವಿಲ್ಲದಂತೆ, ಇಷ್ಟವಿರುವ ಆರು ಜನರ ಸಿಂಗಲ್ಸ್ ಪಂದ್ಯಗಳು ನಡೆಯುತ್ತವೆ. ಅಂಪೈರ್ ಇಲ್ಲದೆ ಪಂದ್ಯ ಶುರುವಾಗಬಾರದೆಂಬುದು ಅಲ್ಲಿನ ಒಂದೇ ನಿಯಮ. ಆ ಕೆಲಸವನ್ನು ಮೇಷ್ಟ್ರು ವಹಿಸಿಕೊಂಡಿದ್ದಾರೆ, ಆಚೆಯ ಗೆರೆಗಳನ್ನು ನೋಡಲು ಎಡಗೈಯವರು ನಿಲ್ಲುತ್ತಾರೆ. ಅಂಪೈರರ ಎತ್ತರದ ಕುರ್ಚಿ ನಮ್ಮಲ್ಲಿ ಇಲ್ಲದ್ದರಿಂದ, ಸಂಜೆಯ ಪಂದ್ಯಕ್ಕೆ ಬೆಂಚನ್ನೇ ನೆಟ್ಟಿನ ಕಂಬದ ಪಕ್ಕಕ್ಕೆ ಎಳೆದು ಹಾಕುತ್ತೇವೆ.